ಮೋಷನ್ ಟೆಸ್ಟ್‌ನಲ್ಲಿ ಹುಳು ಕಾಣಲಿಲ್ಲ ಅಂದ್ರೆ ಇಲ್ಲ ಅಂತಾನಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸಾಗರದ ಹತ್ತಿರ ಹಳ್ಳಿ, ಅಡಿಕೆ ತೋಟ ಇದೆ. ಏಳು ವರ್ಷದ ಮಗಳು ರಾತ್ರಿ ಹಿಂದುಗಡೆ ಕೆರೆತ ಅಂತ ಎದ್ದು ಅಳುತ್ತಾಳೆ. ಒಮ್ಮೆ ಚಡ್ಡಿಯಲ್ಲಿ ಬಿಳಿ ದಾರದ ಚೂರಿನ ಥರ ಏನೋ ಕಂಡಿತು. ಎರಡು ಸಲ ಮೋಷನ್ ಟೆಸ್ಟ್ ಮಾಡಿಸಿದೆವು. ಎರಡರಲ್ಲೂ ‘ಓವಾ, ಸಿಸ್ಟ್ ಕಾಣಲಿಲ್ಲ’ ಅಂತ ಬಂತು. ಅದೇ ಸಮಯದಲ್ಲಿ ಮಾವನವರಿಗೆ ಸುಸ್ತು ಜಾಸ್ತಿಯಾಗಿ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.8, ಈಸಿನೋಫಿಲ್ ಶೇಕಡ 14. ಅವರ ಮೋಷನ್ ಟೆಸ್ಟ್ ಕೂಡ ನಾರ್ಮಲ್. ಈಗ ಅವರ ಉಬ್ಬಸಕ್ಕೆ ಸ್ಟೀರಾಯ್ಡ್ ಮಾತ್ರೆ ಶುರು ಮಾಡೋಣ ಅಂದಿದ್ದಾರೆ. ಲ್ಯಾಬಿನವರು ಸರಿಯಾಗಿ ನೋಡಲಿಲ್ವಾ? ದೊಡ್ಡ ಊರಿನ ಲ್ಯಾಬಿಗೆ ಹೋಗಬೇಕಾ? ಇಲ್ಲಾ ಎಲ್ಲರಿಗೂ ಸುಮ್ನೆ ಹುಳದ ಮಾತ್ರೆ ಕೊಟ್ಟುಬಿಡೋದಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತಿದ್ದು ‘ಸ್ಟೀರಾಯ್ಡ್’ ಅನ್ನೋ ಪದದ ಮೇಲೆ. ಮಗಳ ತೊಂದರೆ ತುರ್ತಿನದಲ್ಲ, ಅದು ಒಂದೆರಡು ವಾರದಲ್ಲಿ ಬಗೆಹರಿಯುತ್ತದೆ. ಮಾವನವರದು ಹಾಗಲ್ಲ. ಉಸಿರಾಟಕ್ಕೆ ತುಂಬಾ ಕಷ್ಟ ಆಗುತ್ತಿದ್ದರೆ ಡಾಕ್ಟರು ಹೇಳಿದ ಔಷಧಿ ಕೊಡಲೇಬೇಕು, ನನ್ನ ಉತ್ತರ ಓದಿಕೊಂಡು ನೀವಾಗಿ ನಿಲ್ಲಿಸಬೇಡಿ. ಆದರೆ ಇವತ್ತೇ ಅವರ ಡಾಕ್ಟರಿಗೆ ಎರಡು ಮಾತು ಹೇಳಿ. ಮಾವನವರು ವರ್ಷಗಟ್ಟಲೆ ತೋಟದಲ್ಲಿ ಮಣ್ಣಿನ ಕೆಲಸ ಮಾಡಿದವರು, ಮತ್ತು ಈಸಿನೋಫಿಲ್ ಅನ್ನೋ ಬಿಳಿ ರಕ್ತಕಣ ಶೇಕಡ 14 ಇದೆ. ‘ಸ್ಟೀರಾಯ್ಡ್‌ಗೆ ಮುಂಚೆ ಸ್ಟ್ರಾಂಜಿಲಾಯ್ಡಿಸ್ ಹುಳು ಇದೆಯಾ ಅಂತ ನೋಡಬಹುದಾ?’ ಅಂತ ಕೇಳಿ. ಯಾಕೆ ಅಂತ ಮುಂದೆ ವಿವರವಾಗಿ ಬರೆದಿದ್ದೇನೆ.

ಈಗ ಲ್ಯಾಬಿನ ವಿಷಯ. ಲ್ಯಾಬಿನವರು ಸುಳ್ಳು ಬರೆದಿಲ್ಲ. ಓವಾ ಅಂದರೆ ಹುಳುವಿನ ಮೊಟ್ಟೆ, ಸಿಸ್ಟ್ ಅಂದರೆ ಅಮೀಬಾದಂಥ ಜೀವಿಗಳ ಚಿಪ್ಪುಗಟ್ಟಿದ ರೂಪ. ಅವು ‘ಕಾಣಲಿಲ್ಲ’ ಅಂತ ಬರೆದಿದ್ದಾರೆ, ‘ಇಲ್ಲ’ ಅಂತ ಬರೆದಿಲ್ಲ. ಇವೆರಡರ ನಡುವಿನ ಅಂತರ ಎಷ್ಟು ದೊಡ್ಡದು ಅಂತ ಹೇಳಬೇಕಾದರೆ, ಆ ಡಬ್ಬಿ ಲ್ಯಾಬಿಗೆ ಹೋದ ಮೇಲೆ ಏನಾಗುತ್ತದೆ ಅಂತ ನಿಮಗೆ ಗೊತ್ತಿರಬೇಕು.

ಮಾಮೂಲಿ ಮೋಷನ್ ಟೆಸ್ಟ್ ಅಂದರೆ ಇಷ್ಟೇ. ಟೆಕ್ನಿಷಿಯನ್ ಕಡ್ಡಿಯ ತುದಿಯಲ್ಲಿ ಸುಮಾರು 2 ಮಿಲಿಗ್ರಾಂ ಮಲ ತೆಗೆಯುತ್ತಾರೆ. ಗಾಜಿನ ಸ್ಲೈಡ್ ಮೇಲೆ ಒಂದು ಹನಿ ಸಲೈನ್ ಹಾಕಿ ಕಲಸುತ್ತಾರೆ, ಪಕ್ಕದಲ್ಲಿ ಇನ್ನೊಂದು ಹನಿ ಅಯೋಡಿನ್‌ನಲ್ಲಿ ಅದೇ ಥರ. ಮೇಲೆ ತೆಳು ಗಾಜು ಮುಚ್ಚಿ ಮೈಕ್ರೋಸ್ಕೋಪಿನಲ್ಲಿ ಮೊದಲು ಕಡಿಮೆ ಪವರ್‌ನಲ್ಲಿ, ಅನುಮಾನ ಬಂದ ಕಡೆ ಜಾಸ್ತಿ ಪವರ್‌ನಲ್ಲಿ ಮೂಲೆಯಿಂದ ಮೂಲೆಗೆ ನೋಡುತ್ತಾರೆ. ಈಗ ಲೆಕ್ಕ ಹಾಕಿ. ದೊಡ್ಡವರು ದಿನಕ್ಕೆ 150 ಗ್ರಾಂ ಮಲ ಮಾಡುತ್ತಾರೆ ಅಂತ ಇಟ್ಟುಕೊಂಡರೆ, ನೋಡಿದ್ದು ಅದರ 75,000ದಲ್ಲಿ ಒಂದು ಪಾಲು. 50 ಕೆಜಿ ಅಕ್ಕಿ ಮೂಟೆಯಿಂದ ಮೂವತ್ತು ಕಾಳು ತೆಗೆದು, ಮೂಟೆಗೆ ಹುಳ ಹಿಡಿದಿದೆಯೋ ಇಲ್ಲವೋ ಅಂತ ಹೇಳಿದ ಹಾಗೆ. ಮೂಟೆ ತುಂಬಾ ಹುಳ ಇದ್ದರೆ ಆ ಮೂವತ್ತು ಕಾಳಿನಲ್ಲೂ ಸಿಗುತ್ತದೆ. ಅಲ್ಲೊಂದು ಇಲ್ಲೊಂದು ಇದ್ದರೆ?

ಅದಕ್ಕೇ ಯಾವ ಹುಳು ಅನ್ನೋದು ಮುಖ್ಯ. ದುಂಡುಹುಳು ಇದೆಯಲ್ಲ, ಎರೆಹುಳದಷ್ಟು ಉದ್ದ ಇರುತ್ತದಲ್ಲ, ಅದರ ಒಂದು ಹೆಣ್ಣು ದಿನಕ್ಕೆ ಸುಮಾರು 2,00,000 ಮೊಟ್ಟೆ ಇಡುತ್ತದೆ. ಹೊಟ್ಟೆಯಲ್ಲಿ ಒಂದೇ ಒಂದು ಹೆಣ್ಣು ಇದ್ದರೂ, ಮೊಟ್ಟೆಗಳು ಎಲ್ಲ ಕಡೆ ಒಂದೇ ಸಮ ಹರಡಿವೆ ಅಂತ ತಿಳಿದರೆ, ಆ 2 ಮಿಲಿಗ್ರಾಂನಲ್ಲಿ ಎರಡು ಮೂರು ಮೊಟ್ಟೆ ಸಿಗಬೇಕು. ಮೊಟ್ಟೆಯೂ ಗುರುತು ಹಿಡಿಯಲು ಸುಲಭ, ಪಿತ್ತದ ಬಣ್ಣ ಹೀರಿ ಕಂದು ಚಿನ್ನದ ಬಣ್ಣ ಇರುತ್ತದೆ, ಮೈಮೇಲೆಲ್ಲ ಉಬ್ಬು ಉಬ್ಬು. ಹಾಗಾಗಿ ದುಂಡುಹುಳುವನ್ನು ಮಾಮೂಲಿ ಟೆಸ್ಟ್ ಚೆನ್ನಾಗಿಯೇ ಹಿಡಿಯುತ್ತದೆ. ಕೊಕ್ಕೆಹುಳು ಹಾಗಲ್ಲ. ಅದರಲ್ಲಿ ನೆಕೇಟರ್ ಅನ್ನೋ ಜಾತಿಯ ಹೆಣ್ಣು ದಿನಕ್ಕೆ ಇಡೋದು 5ರಿಂದ 10 ಸಾವಿರ ಮೊಟ್ಟೆ ಮಾತ್ರ. ಹತ್ತು ಹೆಣ್ಣು ಹುಳು ಇದ್ದರೂ ಒಂದು ಸ್ಲೈಡ್‌ಗೆ ಒಂದು ಮೊಟ್ಟೆ ಸಿಕ್ಕರೆ ಪುಣ್ಯ. ಇನ್ನು ನಿಮ್ಮ ಮಗಳ ಹುಳು ಮಲದಲ್ಲಿ ಮೊಟ್ಟೆ ಇಡೋದೇ ಇಲ್ಲ!

ಮಗಳದು ಪಿನ್‌ವರ್ಮ್, ನಮ್ಮ ಕಡೆ ದಾರದ ಹುಳು ಅಂತಲೂ ಅನ್ನುತ್ತಾರೆ. ನೀವು ಬರೆದ ಲಕ್ಷಣ ಅಷ್ಟು ಸ್ಪಷ್ಟವಾಗಿದೆ. ರಾತ್ರಿ ಮಗು ಮಲಗಿದ ಮೇಲೆ ಹೆಣ್ಣು ಹುಳು, ಸುಮಾರು ಒಂದು ಸೆಂಟಿಮೀಟರ್ ಉದ್ದದ್ದು, ಕರುಳಿನಿಂದ ಹೊರಗೆ ಬಂದು ಗುದದ್ವಾರದ ಸುತ್ತಲಿನ ಚರ್ಮದ ಮೇಲೆ ಹತ್ತು ಸಾವಿರದಷ್ಟು ಅಂಟು ಅಂಟಾದ ಮೊಟ್ಟೆ ಇಡುತ್ತದೆ. ಕೆರೆತ ಅದರದೇ. ಮೊಟ್ಟೆ ಚರ್ಮದ ಮೇಲಿದೆ, ನೀವು ಕಳಿಸಿದ್ದು ಮಲ. ಹುಳು ಇರುವ ನೂರು ಮಕ್ಕಳ ಮಲ ನೋಡಿದರೂ ಮೊಟ್ಟೆ ಸಿಗೋದು ಐದರಿಂದ ಹದಿನೈದು ಮಕ್ಕಳಲ್ಲಿ ಮಾತ್ರ. ಇನ್ನೂ ಹತ್ತು ಸಲ ಮೋಷನ್ ಟೆಸ್ಟ್ ಮಾಡಿಸಿದರೂ ದುಡ್ಡು ಖರ್ಚಾಗುತ್ತದೆ ಅಷ್ಟೆ.

ಇದಕ್ಕೆ ಬೇಕಾಗಿರುವುದು ಸೆಲ್ಲೊಟೇಪ್. ನಿಜವಾಗಿಯೂ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಟೇಪ್. 1941ರಲ್ಲಿ ಗ್ರಹಾಂ ಅನ್ನುವವರು ಈ ವಿಧಾನ ಬರೆದರು, ಇವತ್ತಿಗೂ ಪಿನ್‌ವರ್ಮ್‌ಗೆ ಇದಕ್ಕಿಂತ ಒಳ್ಳೆಯ ಟೆಸ್ಟ್ ಬಂದಿಲ್ಲ. ಲ್ಯಾಬಿನಿಂದ ಮೂರು ಗಾಜಿನ ಸ್ಲೈಡ್ ಇಸಿದುಕೊಳ್ಳಿ. ಬೆಳಗ್ಗೆ ಮಗಳು ಏಳುತ್ತಿದ್ದ ಹಾಗೆ, ಬಚ್ಚಲಿಗೆ ಹೋಗುವ ಮುಂಚೆ, ತೊಳೆಯುವ ಮುಂಚೆ, ಅಂಟಿನ ಕಡೆ ಹೊರಗೆ ಬರುವಂತೆ ಟೇಪನ್ನು ಚಮಚದ ಹಿಡಿಕೆಗೆ ಸುತ್ತಿ, ಗುದದ್ವಾರದ ಎರಡೂ ಬದಿಗೆ ಮೆಲ್ಲಗೆ ಒತ್ತಿ ತೆಗೆಯಿರಿ. ಆ ಅಂಟಿನ ಕಡೆಯನ್ನು ಸ್ಲೈಡ್ ಮೇಲೆ ಸುಕ್ಕಿಲ್ಲದ ಹಾಗೆ ಅಂಟಿಸಿ, ಕವರಿಗೆ ಹಾಕಿ ಲ್ಯಾಬಿಗೆ ಕೊಡಿ. ಮಬ್ಬು ಮಬ್ಬಾಗಿ ಬಿಳಿಚಿಕೊಂಡ ಟೇಪ್ ಬರುತ್ತದಲ್ಲ, ಅದು ಬೇಡ, ಅದರ ಹಿಂದೆ ಏನೂ ಕಾಣುವುದಿಲ್ಲ. ಆಮೇಲೆ ಚೆನ್ನಾಗಿ ಸೋಪು ಹಾಕಿ ಕೈ ತೊಳೆಯಿರಿ, ಯಾಕೆಂದರೆ ಈ ಮೊಟ್ಟೆಗಳು ಇಟ್ಟ ಕೆಲವೇ ಗಂಟೆಗಳಲ್ಲಿ ಇನ್ನೊಬ್ಬರಿಗೆ ಅಂಟಲು ತಯಾರಾಗಿರುತ್ತವೆ. ಒಂದು ದಿನದ ಟೇಪ್‌ನಲ್ಲಿ ಸಿಗುವ ಸಂಭವ ಅರ್ಧಕ್ಕರ್ಧ. ಸತತ ಮೂರು ದಿನ ಮಾಡಿದರೆ ನೂರರಲ್ಲಿ ತೊಂಬತ್ತು. ಅದಕ್ಕೇ ಮೂರು ಸ್ಲೈಡ್ ಕೇಳಿದ್ದು. ಮೈಕ್ರೋಸ್ಕೋಪಿನಲ್ಲಿ ಆ ಮೊಟ್ಟೆ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬಿಕೊಂಡು, ಒಳಗೆ ಮಡಚಿಕೊಂಡ ಮರಿಯ ಸಮೇತ ಕಾಣುತ್ತದೆ, ಒಮ್ಮೆ ನೋಡಿದವರು ಮರೆಯುವುದಿಲ್ಲ.

ಇನ್ನೂ ಸುಲಭದ ದಾರಿ ಇದೆ. ಮತ್ತೆ ಆ ಬಿಳಿ ದಾರ ಕಂಡರೆ ಎಸೆಯಬೇಡಿ. ಚಿಕ್ಕ ಬಾಟಲಿಗೆ ಸ್ವಲ್ಪ ಸರ್ಜಿಕಲ್ ಸ್ಪಿರಿಟ್ ಹಾಕಿ ಅದರಲ್ಲಿ ಮುಳುಗಿಸಿ ತನ್ನಿ. ಹುಳುವೇ ಕೈಗೆ ಸಿಕ್ಕಿದರೆ ಮೊಟ್ಟೆ ಹುಡುಕುವ ಅಗತ್ಯ ಏನಿದೆ? ನಾನು ಇದನ್ನು ಒತ್ತಿ ಹೇಳಲು ಕಾರಣ ಇದೆ. ಹುಳು ಅಂತ ತಂದುಕೊಡುವುದೆಲ್ಲ ಹುಳು ಆಗಿರುವುದಿಲ್ಲ. ಬಾಳೆಹಣ್ಣು ತಿಂದ ಎಳೆ ಮಕ್ಕಳ ಕಕ್ಕದಲ್ಲಿ ಕಪ್ಪು ದಾರದ ಥರ ನಾರು ಬರುತ್ತದೆ, ತಾಯಂದಿರು ಹೆದರಿ ಓಡಿ ಬರುತ್ತಾರೆ. ಟೊಮೆಟೊ ಸಿಪ್ಪೆ, ಮೊಳಕೆ ಕಾಳಿನ ಬಾಲ, ಸಿಂಬಳದಂಥ ಲೋಳೆ ಎಳೆ, ಬಚ್ಚಲಿನ ಎರೆಹುಳ, ಇವೆಲ್ಲ ನಮ್ಮ ಮೇಜಿಗೆ ಬಂದಿವೆ. ಯಾರು ತಂದಿದ್ದಕ್ಕೂ ನಾನು ಬೇಸರ ಮಾಡಿಕೊಂಡಿಲ್ಲ, ತರದೆ ಎಸೆದು ಬಂದು ‘ಉದ್ದಕ್ಕಿತ್ತು’ ಅಂತ ಕೈಯಲ್ಲಿ ಅಳತೆ ತೋರಿಸಿದಾಗಲೇ ಕಷ್ಟ. ಅದರಲ್ಲೂ ಚಪ್ಪಟೆಯಾಗಿ ಬಿಳಿ ಲಾಡಿಯ ತುಂಡಿನ ಥರ ಬಂದರೆ ತಪ್ಪದೆ ತರಬೇಕು, ಬರಿಗೈಯಲ್ಲಿ ಮುಟ್ಟಬಾರದು. ಲಾಡಿಹುಳುವಿನಲ್ಲಿ ಹಂದಿಯಿಂದ ಬರುವುದು, ದನದಿಂದ ಬರುವುದು ಅಂತ ಎರಡಿವೆ. ಎರಡರ ಮೊಟ್ಟೆಯೂ ಮೈಕ್ರೋಸ್ಕೋಪಿನಲ್ಲಿ ಒಂದೇ ಥರ. ತುಂಡು ಸಿಕ್ಕರೆ ಅದರ ಗರ್ಭಕೋಶದ ಕವಲು ಎಣಿಸಬಹುದು, ಹಂದಿಯದಾದರೆ ಒಂದು ಬದಿಗೆ 7ರಿಂದ 13, ದನದ್ದಾದರೆ ಸಾಮಾನ್ಯವಾಗಿ 15ಕ್ಕಿಂತ ಜಾಸ್ತಿ. ಹಂದಿಯ ಲಾಡಿಹುಳುವಿನ ಮೊಟ್ಟೆ ಬಾಯಿಗೆ ಹೋದರೆ ಮಿದುಳಿನಲ್ಲಿ ಗುಳ್ಳೆಯಾಗಿ ಫಿಟ್ಸ್ ಬರಬಹುದು, ಮಾಂಸ ಮುಟ್ಟದವರಿಗೂ ಬರಬಹುದು, ಹಾಗಾಗಿ ಈ ಎಣಿಕೆ ಸಣ್ಣ ವಿಷಯ ಅಲ್ಲ.

ಮಗಳ ಚಿಕಿತ್ಸೆ ನಿಮ್ಮ ಡಾಕ್ಟರು ಹೇಳುತ್ತಾರೆ. ಸಾಮಾನ್ಯವಾಗಿ ಆಲ್ಬೆಂಡಜೋಲ್ ಒಂದು ಸಲ, ಎರಡು ವಾರ ಬಿಟ್ಟು ಮತ್ತೊಂದು ಸಲ. ಮಾತ್ರೆ ಮೊಟ್ಟೆಯನ್ನು ಸಾಯಿಸುವುದಿಲ್ಲ, ಅದಕ್ಕೇ ಎರಡನೇ ಸಲ. ಮನೆಯವರೆಲ್ಲ ಅದೇ ದಿನ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಮನೆಯಲ್ಲಿ ಬಸುರಿಯರಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಉಗುರು ಕತ್ತರಿಸಿ, ಬೆಳಗ್ಗೆ ಸ್ನಾನ ಮಾಡಿಸಿ, ಹೊದಿಕೆ ಬಿಸಿನೀರಲ್ಲಿ ಒಗೆಯಿರಿ. ಬೆಲ್ಲ ತಿಂದಿದ್ದಕ್ಕೆ ಹುಳ ಆಯಿತು ಅಂತ ಮಗುವಿಗೆ ಯಾರೂ ಬೈಯಬೇಡಿ. ಬೆಲ್ಲದಿಂದ ಹುಳು ಹುಟ್ಟುವುದಿಲ್ಲ. ಹಲ್ಲು ಕಡಿಯುವುದೂ ಹುಳುವಿನ ಗುರುತು ಅಂತ ಲ್ಯಾಬ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮಾವನವರ ವಿಷಯಕ್ಕೆ ಬರೋಣ. ಇಲ್ಲಿ ಎರಡು ಹುಳುಗಳ ಅನುಮಾನ ನನಗಿದೆ, ಎರಡನ್ನೂ ಹುಡುಕುವ ದಾರಿ ಬೇರೆ ಬೇರೆ.

ಮೊದಲನೆಯದು ಕೊಕ್ಕೆಹುಳು. ನೆರಳು, ತೇವ, ಬರಿಗಾಲು, ಮಲ ಬಿದ್ದ ಮಣ್ಣು, ಇವು ಸೇರಿದ ಕಡೆ ಅದು ಚೆನ್ನಾಗಿ ಬೆಳೆಯುತ್ತದೆ. ಮರಿಹುಳು ಪಾದದ ಚರ್ಮದಿಂದ ಒಳಗೆ ಹೋಗಿ, ರಕ್ತದಲ್ಲಿ ಶ್ವಾಸಕೋಶ ಸೇರಿ, ಗಂಟಲಿಗೆ ಹತ್ತಿ, ನುಂಗಿದಾಗ ಕರುಳು ಸೇರುತ್ತದೆ. ಅಲ್ಲಿ ಗೋಡೆ ಕಚ್ಚಿಕೊಂಡು ರಕ್ತ ಕುಡಿಯುತ್ತದೆ. ನೆಕೇಟರ್ ಜಾತಿಯದು ದಿನಕ್ಕೆ ಸುಮಾರು 0.03 ಮಿಲಿಲೀಟರ್, ಆಂಕೈಲೋಸ್ಟೋಮಾ ಜಾತಿಯದು 0.15ರಿಂದ 0.2 ಮಿಲಿಲೀಟರ್. ಒಂದು ಹುಳುವಿಗೆ ಇದು ಏನೂ ಅಲ್ಲ. ಆಂಕೈಲೋಸ್ಟೋಮಾ ನೂರು ಹುಳು ವರ್ಷಗಟ್ಟಲೆ ಕೂತರೆ ದಿನಕ್ಕೆ 15ರಿಂದ 20 ಮಿಲಿಲೀಟರ್ ರಕ್ತ ಹೋಗುತ್ತದೆ, ಮನುಷ್ಯ ನಿಧಾನವಾಗಿ ಬಿಳಿಚಿಕೊಳ್ಳುತ್ತಾನೆ. ಎಷ್ಟು ನಿಧಾನ ಅಂದರೆ ‘ವಯಸ್ಸಾಯ್ತು, ಸುಸ್ತು’ ಅಂತಲೇ ಎಲ್ಲರೂ ಸುಮ್ಮನಿರುತ್ತಾರೆ.

ಇದರ ಮೊಟ್ಟೆ ಯಾಕೆ ತಪ್ಪಿಹೋಗುತ್ತದೆ ಅಂತ ಮೇಲೆ ಲೆಕ್ಕ ಹೇಳಿದೆ. ಇನ್ನೂ ಒಂದು ಕಾರಣ ಇದೆ. ದುಂಡುಹುಳುವಿನ ಮೊಟ್ಟೆಯ ಹಾಗೆ ಇದಕ್ಕೆ ಬಣ್ಣ ಹತ್ತುವುದಿಲ್ಲ. ಗಾಜಿನ ಹಾಗಿರುವ ತೆಳು ಚಿಪ್ಪು, ಒಳಗೆ ನಾಲ್ಕೋ ಎಂಟೋ ಕೋಶಗಳ ಗುಂಪು, ಚಿಪ್ಪಿಗೂ ಅದಕ್ಕೂ ನಡುವೆ ಖಾಲಿ ಜಾಗ. ಮೈಕ್ರೋಸ್ಕೋಪಿನ ಕಂಡೆನ್ಸರ್ ಇಳಿಸಿ ಬೆಳಕು ತಗ್ಗಿಸಿದರೆ ಅಂಚು ಎದ್ದು ಕಾಣುತ್ತದೆ. ಬೆಳಕು ಜಾಸ್ತಿ ಬಿಟ್ಟುಕೊಂಡು ಅವಸರದಲ್ಲಿ ಸ್ಲೈಡ್ ಓಡಿಸಿದರೆ ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ದಿನಕ್ಕೆ ಎಂಬತ್ತು ನೂರು ಡಬ್ಬಿ ಬರುವ ಲ್ಯಾಬಿನಲ್ಲಿ ಒಬ್ಬರೇ ಟೆಕ್ನಿಷಿಯನ್ ಕೂತಿದ್ದರೆ ಅವಸರ ಆಗದೆ ಇರುತ್ತಾ? ಅವರನ್ನು ಬೈದು ಪ್ರಯೋಜನ ಇಲ್ಲ, ಬೇಕಾದ ಟೆಸ್ಟನ್ನು ಹೆಸರು ಹಿಡಿದು ಕೇಳಬೇಕು.

ಕೇಳಬೇಕಾದ್ದು ‘ಕಾನ್ಸಂಟ್ರೇಷನ್’. ಅಂದರೆ ಜಾಸ್ತಿ ಮಲ ತೆಗೆದುಕೊಂಡು, ಕಸ ಬೇರೆ ಮಾಡಿ, ಮೊಟ್ಟೆಗಳನ್ನು ಒಂದೇ ಕಡೆ ಕೂಡಿಸಿ ನೋಡುವುದು. ಇದಕ್ಕೆ ಎರಡು ದಾರಿ. ಒಂದು ಉಪ್ಪುನೀರಿನದು, ನನಗೆ ಬಹಳ ಇಷ್ಟವಾದದ್ದು. ಇನ್ನು ಕರಗುವುದಿಲ್ಲ ಅನ್ನುವಷ್ಟು ಉಪ್ಪು ಕರಗಿಸಿದ ನೀರಿನಲ್ಲಿ ಮಲ ಕಲಸಿ, ಚಿಕ್ಕ ಬಾಟಲಿಯ ಬಾಯಿ ತುಂಬಿ ಉಬ್ಬುವವರೆಗೆ ಹಾಕಿ, ಮೇಲೆ ಸ್ಲೈಡ್ ಇಟ್ಟು ಇಪ್ಪತ್ತು ನಿಮಿಷ ಬಿಡುವುದು. ಕೊಕ್ಕೆಹುಳುವಿನ ಮೊಟ್ಟೆ ಆ ನೀರಿಗಿಂತ ಹಗುರ, ತೇಲಿ ಬಂದು ಸ್ಲೈಡಿಗೆ ಅಂಟಿಕೊಳ್ಳುತ್ತದೆ. 1921ರಲ್ಲಿ ವಿಲ್ಲಿಸ್ ಅನ್ನುವವರು ಬರೆದ ವಿಧಾನ, ಖರ್ಚು ಒಂದು ಹಿಡಿ ಅಡುಗೆ ಉಪ್ಪು. ಕರೆಂಟ್ ಕೂಡ ಬೇಡ. ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದ ಲ್ಯಾಬಿನಲ್ಲೂ ಮಾಡಬಹುದು, ಆದರೆ ಮಾಡುವವರು ಕಡಿಮೆ, ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಇದಕ್ಕೂ ಮಿತಿ ಇದೆ. ಲಾಡಿಹುಳುವಿನ ಮೊಟ್ಟೆ, ಗಂಡು ಕೂಡದೆ ಇಟ್ಟ ದುಂಡುಹುಳುವಿನ ಮೊಟ್ಟೆ, ಸ್ಟ್ರಾಂಜಿಲಾಯ್ಡಿಸ್ ಮರಿ, ಇವು ಉಪ್ಪುನೀರಿನಲ್ಲಿ ತೇಲುವುದಿಲ್ಲ. ಇನ್ನೊಂದು ದಾರಿ ಫಾರ್ಮಾಲಿನ್ ಮತ್ತು ಈಥರ್ ಹಾಕಿ, ಗಾಜ್ ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ನೋಡುವುದು. 1948ರಲ್ಲಿ ರಿಚಿ ಬರೆದಿದ್ದು. ಕೊಬ್ಬು, ಕಸ ಎಲ್ಲ ಮೇಲೆ ನಿಲ್ಲುತ್ತದೆ, ಮೊಟ್ಟೆ ಮರಿ ಎಲ್ಲ ಕೆಳಗೆ. ಮೆಡಿಕಲ್ ಕಾಲೇಜುಗಳ ಲ್ಯಾಬಿನಲ್ಲಿ ಇದು ಮಾಮೂಲು. ನೋಡುವ ಮಲ 2 ಮಿಲಿಗ್ರಾಂನಿಂದ ಒಂದು ಗ್ರಾಂಗೆ ಏರುತ್ತದೆ, ಐನೂರು ಪಟ್ಟು!

ಸರ್ವೇ ಮಾಡುವವರು ಬಳಸುವ ಕಾಟೋ ಕಾಟ್ಜ್ ಅನ್ನೋದೂ ಒಂದಿದೆ. ಅಚ್ಚಿನಲ್ಲಿ ಅಳೆದು 41.7 ಮಿಲಿಗ್ರಾಂ ಮಲ ತೆಗೆದು, ಕಂಡ ಮೊಟ್ಟೆಯನ್ನು 24ರಿಂದ ಗುಣಿಸಿದರೆ ಒಂದು ಗ್ರಾಂಗೆ ಎಷ್ಟು ಅಂತ ಸಿಗುತ್ತದೆ. ಕೊಕ್ಕೆಹುಳುವಿಗೆ ಗ್ರಾಂಗೆ 2,000ದ ಒಳಗಿದ್ದರೆ ಕಡಿಮೆ ಸೋಂಕು, 4,000 ಮತ್ತು ಮೇಲೆ ಇದ್ದರೆ ತೀವ್ರ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅದರಲ್ಲಿ ಹಾಕುವ ಗ್ಲಿಸರಿನ್ ಒಂದು ಗಂಟೆಯೊಳಗೆ ಕೊಕ್ಕೆಹುಳುವಿನ ಮೊಟ್ಟೆಯನ್ನು ಮಾಯ ಮಾಡಿಬಿಡುತ್ತದೆ, ಬೇಗ ನೋಡದಿದ್ದರೆ ಲೆಕ್ಕ ತಪ್ಪುತ್ತದೆ. ನಿಮ್ಮ ಮಾವನವರಿಗೆ ಇದು ಅಗತ್ಯವಿಲ್ಲ.

ಸಮಯದ ವಿಷಯ ಮಾತ್ರ ಎಲ್ಲರಿಗೂ ಬೇಕು. ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಸೋಮವಾರ ಬೆಳಗ್ಗೆ ಒಂದು ಡಬ್ಬಿ ತೆರೆದೆ. ಸ್ಲೈಡ್ ಮೇಲೆ ಮರಿಹುಳುಗಳು ಹಾವಿನ ಮರಿಯ ಹಾಗೆ ಹೊರಳಾಡುತ್ತಿದ್ದವು. ಸ್ಟ್ರಾಂಜಿಲಾಯ್ಡಿಸ್ ಅಂತ ಬರೆದು ಸಹಿಗೆ ಇಟ್ಟೆ. ಅಲ್ಲಿನ ಹಿರಿಯ ಟೆಕ್ನಿಷಿಯನ್ ವರದಿ ನೋಡಿ ಒಂದೇ ಪ್ರಶ್ನೆ ಕೇಳಿದರು, ‘ಈ ಡಬ್ಬಿ ಯಾವಾಗ ಬಂದಿದ್ದು?’ ಶನಿವಾರ ಮಧ್ಯಾಹ್ನ ಬಂದು ಎರಡು ದಿನ ಬೇಸಿಗೆ ಸೆಕೆಯಲ್ಲಿ ಕಪಾಟಿನ ಮೇಲೆ ಇತ್ತು. ಕೊಕ್ಕೆಹುಳುವಿನ ಮೊಟ್ಟೆ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನದಲ್ಲಿ ಒಡೆದು ಮರಿ ಹೊರಬರುತ್ತದೆ. ಅವರು ಪವರ್ ಏರಿಸಿ ಮರಿಯ ಬಾಯಿ ತೋರಿಸಿದರು. ಕೊಕ್ಕೆಹುಳುವಿನ ಮರಿಗೆ ಬಾಯಿಯ ನಾಳ ಉದ್ದ, ಸ್ಟ್ರಾಂಜಿಲಾಯ್ಡಿಸ್‌ಗೆ ಗಿಡ್ಡ. ಅವತ್ತು ವರದಿ ಬದಲಾಯಿತು, ರೋಗಿಯ ಔಷಧಿಯೂ ಬದಲಾಯಿತು. ಅಂದಿನಿಂದ ಡಬ್ಬಿಯ ಮೇಲೆ ದಿನಾಂಕ ಮಾತ್ರ ಬರೆದಿದ್ದರೆ ನಾನು ವಾಪಸ್ ಕಳಿಸಿ ಗಂಟೆಯನ್ನೂ ಬರೆಸುತ್ತೇನೆ.

ಎರಡನೆಯ ಅನುಮಾನ ಆ ಸ್ಟ್ರಾಂಜಿಲಾಯ್ಡಿಸ್ ಬಗ್ಗೆಯೇ. ಇದೂ ಪಾದದ ಚರ್ಮದಿಂದಲೇ ಬರುತ್ತದೆ. ಆದರೆ ಇದರ ಮೊಟ್ಟೆ ಕರುಳಿನಲ್ಲೇ ಒಡೆದು ಮಲದಲ್ಲಿ ಮರಿ ಬರುತ್ತದೆ, ಅದೂ ಬೆರಳೆಣಿಕೆಯಷ್ಟು, ಇವತ್ತು ಬಂದರೆ ನಾಳೆ ಇಲ್ಲ. ಒಂದು ಸಲದ ಮಾಮೂಲಿ ಟೆಸ್ಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ತಪ್ಪಿಹೋಗುತ್ತದೆ. ಇನ್ನೂ ದೊಡ್ಡ ತೊಂದರೆ, ಕೆಲವು ಮರಿಗಳು ಹೊರಗೆ ಹೋಗದೆ ಒಳಗೇ ಬಲಿತು ಅದೇ ಮನುಷ್ಯನ ಕರುಳು, ಚರ್ಮ ಕೊರೆದು ಮತ್ತೆ ಸೋಂಕು ಹಚ್ಚುತ್ತವೆ. ಬೇರೆ ಹುಳುಗಳು ಒಂದಷ್ಟು ವರ್ಷಕ್ಕೆ ಸಾಯುತ್ತವೆ, ಇದು ದಶಕಗಟ್ಟಲೆ ಇರುತ್ತದೆ. ಎರಡನೇ ಮಹಾಯುದ್ಧದಲ್ಲಿ ಥಾಯ್ಲೆಂಡ್, ಬರ್ಮಾ ರೈಲು ದಾರಿಯಲ್ಲಿ ಕೂಲಿ ಮಾಡಿದ ಯುದ್ಧಕೈದಿಗಳಲ್ಲಿ, ಊರಿಗೆ ಮರಳಿ ಮೂವತ್ತು ನಲವತ್ತು ವರ್ಷ ಆದ ಮೇಲೂ ಈ ಹುಳು ಸಿಕ್ಕಿದೆ. ನಿಮ್ಮ ಮಾವನವರು ಈಗ ಚಪ್ಪಲಿ ಹಾಕುತ್ತಾರೆ ಅನ್ನೋದು ಸಾಲದು, ಇಪ್ಪತ್ತು ವರ್ಷದ ಹಿಂದೆ ಹಾಕುತ್ತಿದ್ದರಾ ಅಂತ ಕೇಳಬೇಕು.

ಆರೋಗ್ಯವಾಗಿರುವವರಲ್ಲಿ ಇದು ಸುಮ್ಮನೆ ಇರುತ್ತದೆ. ಸ್ಟೀರಾಯ್ಡ್ ಕೊಟ್ಟಾಗ ದೇಹದ ಕಾವಲು ಸಡಿಲವಾಗಿ, ಮರಿಗಳು ಸಾವಿರ ಸಾವಿರವಾಗಿ ಹೆಚ್ಚಿ, ಕರುಳಿನ ಗೋಡೆ ಕೊರೆದು ಶ್ವಾಸಕೋಶಕ್ಕೆ, ಎಲ್ಲ ಕಡೆಗೆ ಹರಡಬಹುದು, ಹೋಗುವಾಗ ಕರುಳಿನ ಬ್ಯಾಕ್ಟೀರಿಯಾಗಳನ್ನೂ ರಕ್ತಕ್ಕೆ ಹೊತ್ತೊಯ್ಯುತ್ತವೆ. ಆ ಹಂತಕ್ಕೆ ಹೋದವರಲ್ಲಿ ಬಹಳ ಜನ ಉಳಿಯುವುದಿಲ್ಲ. ಸ್ಟೀರಾಯ್ಡ್ ಕೊಟ್ಟ ಮೇಲೆ ರಕ್ತದಲ್ಲಿ ಈಸಿನೋಫಿಲ್ ಇಳಿದುಬಿಡುತ್ತದೆ, ಆಗ ಅನುಮಾನ ಬರಲು ಇದ್ದ ಒಂದು ಸುಳಿವೂ ಹೋಗುತ್ತದೆ. ಅದಕ್ಕೇ ‘ಮುಂಚೆ’ ಅನ್ನೋ ಪದಕ್ಕೆ ನಾನು ಅಷ್ಟು ಒತ್ತು ಕೊಟ್ಟಿದ್ದು.

ಇದನ್ನು ಹಿಡಿಯಲು ಮರಿಗಳ ಸ್ವಭಾವವನ್ನೇ ಬಳಸುತ್ತೇವೆ. ಅಗಾರ್ ಅನ್ನೋ ಜೆಲ್ಲಿ ಹಾಕಿದ ತಟ್ಟೆಯ ನಡುವೆ ಸ್ವಲ್ಪ ತಾಜಾ ಮಲ ಇಟ್ಟು ಟೇಪ್ ಹಾಕಿ ಮುಚ್ಚಿಡುತ್ತೇವೆ. ಮರಿಗಳಿದ್ದರೆ ತಟ್ಟೆಯ ಮೇಲೆ ಹರಿದಾಡುತ್ತವೆ, ಮೈಗೆ ಅಂಟಿದ ಬ್ಯಾಕ್ಟೀರಿಯಾ ದಾರಿಯುದ್ದಕ್ಕೂ ಬೆಳೆದು, ಎರಡು ದಿನದಲ್ಲಿ ಬೂದಿ ಮೇಲೆ ಇರುವೆ ಓಡಾಡಿದ ಹಾಗೆ ಗೆರೆಗಳು ಮೂಡುತ್ತವೆ. ಬೇರ್‌ಮನ್ ಅನ್ನೋ ಇನ್ನೊಂದು ವಿಧಾನದಲ್ಲಿ ಗಾಜ್ ಬಟ್ಟೆಯ ಮೇಲೆ ಮಲ ಇಟ್ಟು ಆಲಿಕೆಯಲ್ಲಿ ಬೆಚ್ಚಗಿನ ನೀರು ತುಂಬಿದರೆ, ಮರಿಗಳು ನೀರಿಗಿಳಿದು ತಳ ಸೇರುತ್ತವೆ. ಇದರ ಜೊತೆಗೆ ರಕ್ತದಲ್ಲಿ ಆಂಟಿಬಾಡಿ ನೋಡುವ ಎಲೈಸಾ ಟೆಸ್ಟ್ ಇದೆ. ಅದು ಮಲದ ಟೆಸ್ಟ್‌ಗಿಂತ ಜಾಸ್ತಿ ಜನರನ್ನು ಹಿಡಿಯುತ್ತದೆ, ಆದರೆ ಆನೆಕಾಲು ರೋಗ ತರುವ ಫೈಲೇರಿಯಾದಂಥ ಬೇರೆ ಹುಳು ಇದ್ದರೂ ಕೆಲವೊಮ್ಮೆ ಪಾಸಿಟಿವ್ ಬರುತ್ತದೆ. ಶಿವಮೊಗ್ಗ, ಮಣಿಪಾಲದಂಥ ಮೆಡಿಕಲ್ ಕಾಲೇಜು ಇರುವ ಊರುಗಳಲ್ಲಿ ಮೈಕ್ರೋಬಯಾಲಜಿ ವಿಭಾಗಕ್ಕೆ ಫೋನ್ ಮಾಡಿ ಯಾವುದು ಮಾಡುತ್ತಾರೆ ಅಂತ ಮೊದಲೇ ಕೇಳಿಕೊಂಡು ಹೋಗಿ. ವರದಿಗೆ ಕಾಯಲು ಸಮಯ ಇಲ್ಲದಿದ್ದರೆ ಅನುಮಾನದ ಮೇಲೆಯೇ ಐವರ್‌ಮೆಕ್ಟಿನ್ ಕೊಡುವ ಡಾಕ್ಟರುಗಳಿದ್ದಾರೆ, ಅದು ಒಳ್ಳೆಯ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ. ಒಂದು ಆಲ್ಬೆಂಡಜೋಲ್ ಮಾತ್ರೆಯನ್ನು ಈ ಹುಳುವಿನ ಮಟ್ಟಿಗೆ ನಂಬಬೇಡಿ.

ಈಸಿನೋಫಿಲ್ 14 ಅಂದರೆ ಹುಳುವೇ ಅಂತಲೂ ಹೇಳಲಾರೆ. ಉಬ್ಬಸವೇ ಅದನ್ನು ಏರಿಸಬಹುದು. ಶೇಕಡಾವಾರು ಬಿಟ್ಟು ಸಂಖ್ಯೆ ನೋಡಿ. ವರದಿಯಲ್ಲಿ ಒಟ್ಟು ಬಿಳಿ ರಕ್ತಕಣ 9,000 ಇದ್ದರೆ ಅದರ ಶೇಕಡ 14 ಅಂದರೆ 1,260. 500ರ ಮೇಲಿದ್ದರೆ ಜಾಸ್ತಿ. 3,000 ದಾಟಿ, ರಾತ್ರಿ ಕೆಮ್ಮು, ಉಬ್ಬಸ ಇದ್ದರೆ ಫೈಲೇರಿಯಾ ಹುಳುವಿನಿಂದ ಬರುವ ಶ್ವಾಸಕೋಶದ ತೊಂದರೆಯನ್ನೂ ನೆನಪಿಡಬೇಕು, ಉಬ್ಬಸ ಅಂತಲೇ ವರ್ಷಗಟ್ಟಲೆ ಔಷಧಿ ತಿಂದವರನ್ನು ನೋಡಿದ್ದೇನೆ.

ಹಿಮೋಗ್ಲೋಬಿನ್ ಬಗ್ಗೆಯೂ ಒಂದು ಮಾತು. ಕೊಕ್ಕೆಹುಳು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಬೇಡಿ. ವಯಸ್ಸಾದ ಗಂಡಸರಿಗೆ 7.8 ಅಂದರೆ ಹೊಟ್ಟೆಯ ಹುಣ್ಣು, ಕರುಳಿನ ಗಡ್ಡೆ, ಮೂಲವ್ಯಾಧಿ ಎಲ್ಲವನ್ನೂ ನೋಡಲೇಬೇಕು. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಟೆಸ್ಟ್, ಡಾಕ್ಟರು ಹೇಳಿದರೆ ಎಂಡೋಸ್ಕೋಪಿ, ಹಿಂಜರಿಯದೆ ಮಾಡಿಸಿ. ಹುಳು ಸಿಕ್ಕ ಖುಷಿಯಲ್ಲಿ ಗಡ್ಡೆ ತಪ್ಪಿಹೋದರೆ ಆಮೇಲೆ ಏನು ಮಾಡಿದರೂ ತಡವಾಗಿರುತ್ತದೆ.

‘ಸುಮ್ನೆ ಮಾತ್ರೆ ಕೊಟ್ಟುಬಿಡೋದಾ’ ಅಂತ ಕೇಳಿದ್ದೀರಿ. ಮಕ್ಕಳಿಗೆ ಅದು ತಪ್ಪಲ್ಲ. ಸರ್ಕಾರವೇ 2015ರ ಫೆಬ್ರವರಿ 10ರಿಂದ ಜಂತುಹುಳು ನಿವಾರಣಾ ದಿನ ಅಂತ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಟೆಸ್ಟ್ ಮಾಡದೆಯೇ ಆಲ್ಬೆಂಡಜೋಲ್ 400 ಮಿಲಿಗ್ರಾಂ ಕೊಡುತ್ತಿದೆ, ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ. ಊರಿಗೆ ಊರೇ ಮಲ ಪರೀಕ್ಷೆ ಮಾಡುವುದಕ್ಕಿಂತ ಮಾತ್ರೆ ಅಗ್ಗ, ಅಪಾಯವೂ ಕಡಿಮೆ. ನಿಮ್ಮ ಮಗಳು ಶಾಲೆಯಲ್ಲಿ ತಗೊಂಡಿದ್ದರೆ ಯಾವ ತಾರೀಖು ಅಂತ ಬರೆದಿಡಿ, ಟೆಸ್ಟ್ ಓದುವಾಗ ಅದು ಬೇಕಾಗುತ್ತದೆ. ಮಾವನವರಿಗೆ ಮಾತ್ರ ಆ ದಾರಿ ಸಾಲದು, ಕಾರಣ ಮೇಲೆ ಹೇಳಿದೆ.

ದೊಡ್ಡ ಊರಿನ ಲ್ಯಾಬೇ ಆಗಬೇಕು ಅಂತಿಲ್ಲ. ಅಲ್ಲೂ ಮಾಮೂಲಿ ಮೋಷನ್ ಟೆಸ್ಟ್ ಅಂತ ಬರೆಸಿದರೆ ಅದೇ 2 ಮಿಲಿಗ್ರಾಂ. ರೋಗಾಣುಗಳ ಡಿಎನ್‌ಎ ಹುಡುಕುವ ದುಬಾರಿ ಪಿಸಿಆರ್ ಪ್ಯಾನೆಲ್ ಬಗ್ಗೆ ಯಾರಾದರೂ ಹೇಳಿದರೆ ಅದರ ಪಟ್ಟಿ ತರಿಸಿ ನೋಡಿ. ಹೊಟ್ಟೆ ಕೆಟ್ಟಾಗ ಮಾಡುವ ಪ್ಯಾನೆಲ್‌ಗಳಲ್ಲಿ ಬ್ಯಾಕ್ಟೀರಿಯಾ, ವೈರಸ್, ಅಮೀಬಾ, ಜಿಯಾರ್ಡಿಯಾ ಇರುತ್ತವೆ, ಹುಳುಗಳು ಸಾಮಾನ್ಯವಾಗಿ ಇರುವುದಿಲ್ಲ. ಹುಳುವಿಗಾಗಿಯೇ ಮಾಡುವ ಪಿಸಿಆರ್ ನಿಜಕ್ಕೂ ಸೂಕ್ಷ್ಮ, ತಮಿಳುನಾಡು, ಬೆನಿನ್, ಮಲಾವಿಯಲ್ಲಿ ಊರವರಿಗೆಲ್ಲ ಹುಳದ ಮಾತ್ರೆ ಕೊಟ್ಟು ನೋಡಿದ ಡಿವರ್ಮ್3 ಅಧ್ಯಯನದಲ್ಲಿ ಅದನ್ನೇ ಬಳಸಿದರು. ನಮ್ಮ ನಿಮ್ಮ ಊರಿನ ದಿನನಿತ್ಯದ ಟೆಸ್ಟ್ ಆಗಿ ಅದು ಇನ್ನೂ ಬಂದಿಲ್ಲ.

ಡಬ್ಬಿ ತುಂಬುವುದು ಹೇಗೆ ಅಂತ ಹೇಳಿಬಿಡುತ್ತೇನೆ. ಬಾಯಿ ಅಗಲ ಇರುವ ಒಣ ಡಬ್ಬಿ. ಮಲ ನೆಲದ ಮೇಲೆ ಬೀಳಬಾರದು, ಮಣ್ಣಿನಲ್ಲಿ ತನ್ನದೇ ಹುಳುಗಳಿರುತ್ತವೆ. ಕಮೋಡಿನ ನೀರು, ಮೂತ್ರ ಸೇರಬಾರದು. ಪೇಪರ್ ಹಾಸಿ ಅದರ ಮೇಲಿಂದ ಅಡಿಕೆ ಗಾತ್ರದಷ್ಟು ತೆಗೆದುಕೊಳ್ಳಿ, ಲೋಳೆ ಅಥವಾ ರಕ್ತ ಇದ್ದರೆ ಆ ಭಾಗ ಸೇರಿಸಿ. ಹರಳೆಣ್ಣೆ ಕುಡಿಸಿ ತೆಗೆದ ಮಲ ಬೇಡ, ಎಣ್ಣೆಯ ಹನಿಗಳ ನಡುವೆ ಮೊಟ್ಟೆ ಹುಡುಕುವುದು ಕಷ್ಟ. ಎರಡು ಮೂರು ಗಂಟೆಯೊಳಗೆ ಲ್ಯಾಬಿಗೆ ತಲುಪಲಿ. ಆಗದಿದ್ದರೆ ಕೊಕ್ಕೆಹುಳುವಿನ ಡಬ್ಬಿಯನ್ನು ತಣ್ಣಗಿಡಬಹುದು, ಅಗಾರ್ ತಟ್ಟೆಗೆ ಹೋಗುವ ಡಬ್ಬಿಯನ್ನು ಮಾತ್ರ ಫ್ರಿಜ್‌ಗೆ ಹಾಕಬೇಡಿ, ಮರಿಗಳು ಜೀವಂತ ಇರಬೇಕು. ಒಂದು ದಿನ ಬಿಟ್ಟು ಒಂದು ದಿನ, ಮೂರು ಸಲ ಕೊಡಿ.

ಮತ್ತೆ ಚೀಟಿಯಲ್ಲಿ ‘ಸ್ಟೂಲ್ ರೊಟೀನ್’ ಅಂತ ಎರಡು ಪದ ಬರೆಸಿಕೊಂಡು ಬರಬೇಡಿ. ‘ತೋಟದ ಕೆಲಸ, ಹಿಮೋಗ್ಲೋಬಿನ್ 7.8, ಈಸಿನೋಫಿಲ್ 14, ಸ್ಟೀರಾಯ್ಡ್ ಕೊಡಬೇಕಾಗಿದೆ, ಕೊಕ್ಕೆಹುಳು ಮತ್ತು ಸ್ಟ್ರಾಂಜಿಲಾಯ್ಡಿಸ್ ಅನುಮಾನ, ಕಾನ್ಸಂಟ್ರೇಷನ್ ಮತ್ತು ಅಗಾರ್ ಕಲ್ಚರ್ ಮಾಡಿ’ ಅಂತ ಡಾಕ್ಟರ ಕೈಯಲ್ಲಿ ಬರೆಸಿ. ಮೈಕ್ರೋಸ್ಕೋಪ್ ಮುಂದೆ ಕೂತವರಿಗೆ ಏನು ಹುಡುಕಬೇಕು ಅಂತ ಗೊತ್ತಿದ್ದರೆ ಕೈ ತಾನಾಗಿಯೇ ನಿಧಾನ ಆಗುತ್ತದೆ, ಇದನ್ನು ನಾನು ಇಷ್ಟು ವರ್ಷ ಅಲ್ಲೇ ಕೂತು ಹೇಳುತ್ತಿದ್ದೇನೆ. ಕೊಕ್ಕೆಹುಳು ಸಿಕ್ಕಿ ಮಾತ್ರೆ ಕೊಟ್ಟ ಮೇಲೆ ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಮಲ ಪರೀಕ್ಷೆ, ಕಬ್ಬಿಣದ ಮಾತ್ರೆ ಶುರುವಾಗಿ ಒಂದು ತಿಂಗಳಿಗೆ ಹಿಮೋಗ್ಲೋಬಿನ್. ಮಗಳ ಟೇಪ್ ಈ ವಾರದಲ್ಲಿ ಯಾವಾಗ ಬೇಕಾದರೂ ಮಾಡಿ. ಮಾವನವರ ಮೊದಲ ಡಬ್ಬಿ ನಾಳೆ ಬೆಳಗ್ಗೆಯೇ ಹೋಗಲಿ.